ಹೊಟ್ಟೆಗೂ ಮಾರ್ಜಿನ್ ಬೇಕಂತೆ

ತೂಕ ಇಳಿಸಿದ್ದೇನೋ ಆಯಿತು ಗೆಳೆಯರೇ, ಹೊಕ್ಕುಳಿಂದ ಮೇಲಿನ ಚರ್ಮ ಜೋತುಬಿದ್ದು ಮಡಿಕೆಯೆಲ್ಲ ಹುಣ್ಣು. ಇವತ್ತು ತುಮಕೂರಿನಲ್ಲಿ ಸರ್ಜನ್ ಹೇಳಿದರು: "ಕೆಳಹೊಟ್ಟೇಲಿ ಕೊಯ್ದರೆ ಮೇಲಿಂದು ಪೂರ್ತಿ ಹೋಗಲ್ಲ. ಎದೆ ಕೆಳಗೆ ಕೊಯ್ದು, ಮೇಲಕ್ಕೆ ಎಳೆದು ಹೊಲೀಬಹುದು. ಗೆರೆ ಉಳಿಯುತ್ತೆ."

"ಉಳೀಲಿ, ಮಾಡಿ," ಎಂದೆ.

ಜೊತೆಗೆ ಬಂದಿದ್ದ ಅತ್ತೆ, ಬ್ಲೌಸ್ ಹೊಲಿಸುವಾಗ ಟೈಲರಿಗೆ ಹೇಳುವಂತೆಯೇ ಹೇಳಿದರು: "ಎರಡಿಂಚು ಒಳಗೆ ಬಿಟ್ಟು ಹೊಲೀರಿ ಡಾಕ್ಟ್ರೇ. ಮುಂದೆ ದಪ್ಪ ಆದ್ರೆ ಬಿಚ್ಕೋಬೋದು."

"ಒಂದಿಂಚೂ ಬಿಡಬೇಡಿ ಸಾರ್. ನಾನು ಮತ್ತೆ ದಪ್ಪ ಆಗಲ್ಲ!"

ಬರುವಾಗ ಗುಬ್ಬಿಯ ಟೈಲರ್ ಅಂಗಡಿಗೆ ಹೋಗಿ, ಸಡಿಲವಾಯಿತೆಂದು ಹಿಡಿಸಲು ಕೊಟ್ಟಿದ್ದ ಬ್ಲೌಸ್‌ಗಳ ಒಳಗಿನ ಹೆಚ್ಚುವರಿ ಬಟ್ಟೆಯನ್ನೂ ಅತ್ತೆಯ ಎದುರಿಗೇ ಕತ್ತರಿಸಲು ಹೇಳಿದೆ.

ಅತ್ತೆ ಚೂರುಗಳನ್ನೆಲ್ಲ ಆರಿಸಿ ಬ್ಯಾಗಿಗೆ ತುಂಬಿಕೊಂಡರು. "ಇರ್ಲಿ ಬುಡವ್ವ, ಬೇಕಾಗ್ತವೆ."

ಆಪರೇಷನ್ ದಿನ ಇವರನ್ನು ಥಿಯೇಟರಿನ ಹತ್ತಿರಕ್ಕೂ ಬಿಡಬಾರದು.