ಸೋಮವಾರದ ಲಾಳಿಕೆ

ಹೆಬ್ಬಾಳದ ಆ ಸಂಶೋಧನಾ ಕಚೇರಿಯಲ್ಲಿ ಹೆಸರಿನ ಹಿಂದೆ ಮುಂದೆ ಪದವಿ ಅಂಟಿಸಿಕೊಂಡವರು ಹನ್ನೆರಡು ಜನ ಇದ್ದರು. ಅವರಲ್ಲಿ ಮಾಳಿಗೆ ಹತ್ತುತ್ತಿದ್ದವರು ಒಬ್ಬರೂ ಇಲ್ಲ. ಹತ್ತುತ್ತಿದ್ದವಳು ಪಾರವ್ವ ಒಬ್ಬಳೇ. ಗದಗದ ಕಡೆಯವಳು, ಐದಡಿ ಎತ್ತರ, ಅದರ ಎರಡರಷ್ಟು ಬಾಯಿ. ಗಂಡ ಇದೇ ಕಚೇರಿಯಲ್ಲಿ ದಿನಗೂಲಿ ಜವಾನನಾಗಿದ್ದ. ಎಪ್ಪತ್ತನಾಲ್ಕರಲ್ಲಿ ಕಾಮಾಲೆಯಾಗಿ ತೀರಿಕೊಂಡಾಗ ಅವನು ಬಿಟ್ಟುಹೋದ ಆಸ್ತಿಯೆಂದರೆ ಆ ದಿನಗೂಲಿ ಕೆಲಸವೇ. ಅದನ್ನು ಹೆಂಡತಿಗೆ ಕೊಟ್ಟು ಕಚೇರಿ ಕೈತೊಳೆದುಕೊಂಡಿತು.

ಪಾರವ್ವನಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ: ಕಾಯಂ ಆಗುವುದು. ಸೀರೆಯಲ್ಲ, ಬಂಗಾರವಲ್ಲ, ಕಾಯಂ. ಯಾವನೋ ಒಬ್ಬ ಗುಮಾಸ್ತ ಬೆಳಗ್ಗೆ ಎದ್ದ ಗಳಿಗೆ ಸರಿಯಿಲ್ಲದೆ ‘ನಾಳೆಯಿಂದ ಬರಬೇಡ’ ಎಂದರೆ ಸಾಕು, ಅವಳು ಆರ್.ಟಿ. ನಗರದ ಬಾಡಿಗೆ ಕೋಣೆ ಬಿಟ್ಟು ತಮ್ಮನ ಹೆಂಡತಿಯ ಕೈಯಲ್ಲಿ ರೊಟ್ಟಿ ತಿನ್ನಬೇಕು. ಆ ಹೆಂಗಸಿನ ರೊಟ್ಟಿ ತಿನ್ನುವುದಕ್ಕಿಂತ ಉಪವಾಸವೇ ಮೇಲು ಎಂದು ಪಾರವ್ವ ಬಹಿರಂಗವಾಗಿಯೇ ಹೇಳುತ್ತಿದ್ದಳು.

ಅವಳ ಕೆಲಸ ಇಷ್ಟು. ಮಾಳಿಗೆಯ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಅಗಲ ಬಾಯಿಯ ಬಿಳಿ ಲಾಳಿಕೆ, ಕೆಳಗೆ ಬಾಟಲಿ. ವಾರವಿಡೀ ಅದರಲ್ಲಿ ಬಿದ್ದ ಮಳೆಯನ್ನೂ ಧೂಳನ್ನೂ ಸೋಮವಾರ ಇಳಿಸಿ, ಲಾಳಿಕೆಯನ್ನು ಶುದ್ಧ ನೀರಿನಲ್ಲಿ ತೊಳೆದು, ಹೊಸ ಬಾಟಲಿ ಇಡಬೇಕು. ಗುರುವಾರ ಹೆಬ್ಬಾಳ ಕೆರೆಯ ಕೋಡಿಗೆ ಹೋಗಿ, ಮೂಗಿಗೆ ಸೆರಗು ಕಟ್ಟಿಕೊಂಡು, ಅಲ್ಲಿಂದೊಂದು ಬಾಟಲಿ ತುಂಬಿ ತರಬೇಕು.

ಇದೆಲ್ಲ ಯಾಕೆಂದು ಹೇಳಿಕೊಟ್ಟವನು ಆನಂದಪ್ಪ. ಡಾಕ್ಟರೇಟಿಗೆಂದು ಎಪ್ಪತ್ತೆಂಟರಲ್ಲಿ ಬಂದ ಹುಡುಗ. ಲಾಳಿಕೆಯ ಲೆಕ್ಕದ ಮೇಲೇ ಅವನ ಪ್ರಬಂಧ.

“ಹೊಲಕ್ಕೆ ಗೊಬ್ಬರ ಬೇಕಲ್ವಾ, ಸಮುದ್ರಕ್ಕೂ ಹಂಗೇ ಬೇಕು ಪಾರವ್ವ. ಸಾರಜನಕ, ರಂಜಕ ಅಂತ. ಅದು ಎರಡು ದಾರೀಲಿ ಹೋಗುತ್ತೆ. ಒಂದು ಗಾಳಿ: ಧೂಳು, ಹೊಗೆ ಎಲ್ಲ ಹಾರಿಹೋಗಿ ಕಡಲ ಮೇಲೆ ಮಳೆ ಜೊತೆ ಬೀಳುತ್ತೆ. ಇನ್ನೊಂದು ಹೊಳೆ. ಈ ಕೋಡಿ ನೀರು ನಾಗವಾರ ಕೆರೆಗೆ, ಮುಂದೆ ಪಿನಾಕಿನಿಗೆ, ಕೊನೆಗೆ ತಮಿಳುನಾಡು ದಾಟಿ ಕಡಲೂರಿನ ಹತ್ತಿರ ಸಮುದ್ರಕ್ಕೆ. ಅದನ್ನ ಉಂಡು ಪಾಚಿ ಬೆಳೆಯುತ್ತೆ, ಪಾಚಿ ಉಂಡು ಮೀನು. ಜಾಸ್ತಿ ಆದ್ರೆ ಪಾಚಿ ಕೊಳೆತು ಮೀನೂ ಸಾಯುತ್ತೆ.”

ಪಾರವ್ವ ಬಾಟಲಿಯನ್ನು ಮೂಗಿನ ಹತ್ತಿರ ತಂದು ದೂರ ಮಾಡಿದಳು. “ಅಂದ್ರ ಈ ಕಡಿ ಮಂದಿ ಬೆಳಿಗ್ಗೆದ್ದು ಕಕ್ಕಸಿಗೆ ಹೋದದ್ದ ಸಮುದ್ರದ ಮೀನಿಗೆ ನಾಷ್ಟಾ ಅನ್ರಿ.”

“ವಿಜ್ಞಾನದಲ್ಲಿ ಹಂಗೆಲ್ಲ ಹೇಳಲ್ಲ ಪಾರವ್ವ.”

“ಹೇಳೂದಿಲ್ಲ, ಆದ್ರ ಐತಿ ಹಂಗ.”

ಆನಂದಪ್ಪನಿಗೆ ಕೆರೆಯ ಮೇಲೆ ಅಂಥ ಪ್ರೀತಿ ಇರಲಿಲ್ಲ. ಚರಂಡಿಯಲ್ಲಿ ಹೊಲಸು ಹೋಗುತ್ತದೆ ಎಂದು ಬರೆದರೆ ಯಾರು ಡಾಕ್ಟರ್ ಮಾಡುತ್ತಾರೆ? ಅವನಿಗೆ ಆಕಾಶ ಒಲಿದಿತ್ತು. ಹೆಬ್ಬಾಳದ ಗಾಳಿಯಿಂದ ಬೀಳುವ ರಂಜಕ ಬೇರೆಲ್ಲ ಊರಿಗಿಂತ ಐದು ಪಟ್ಟು! ನದಿಗಿಂತ ಗಾಳಿಯೇ ದೊಡ್ಡ ದಾರಿ ಎಂದು ಮೂರು ಅಧ್ಯಾಯ ಬರೆದುಬಿಟ್ಟ. ಕೊಚ್ಚಿಯ ಸಭೆಯೊಂದರಲ್ಲಿ ಇದನ್ನು ಓದಿ ಚಪ್ಪಾಳೆಯನ್ನೂ ಹೊಡೆಸಿಕೊಂಡು ಬಂದ.

ಎಂಬತ್ತೆರಡರ ಜೂನಿನಲ್ಲಿ ಹೊರಗಿನಿಂದ ಇಬ್ಬರು ದೊಡ್ಡ ವಿಜ್ಞಾನಿಗಳು ಬಂದರು. ಆನಂದಪ್ಪ ಅವರನ್ನು ಮಾಳಿಗೆಗೆ ಹತ್ತಿಸಿದ. ಇಷ್ಟೊಂದು ರಂಜಕ ಎಲ್ಲಿಂದಪ್ಪಾ ಎಂದು ಒಬ್ಬರು ಕೇಳಿದರು.

“ಬೂದಿ ಸರ್,” ಎಂದ ಆನಂದಪ್ಪ ಎದೆಯುಬ್ಬಿಸಿ. “ಸುತ್ತ ಹಳ್ಳಿ. ಅಮೃತಹಳ್ಳಿ, ಕೋಗಿಲು, ಎಲ್ಲ ಕಡೆ ಸಗಣಿ ಬೆರಣಿ ಉರಿಸ್ತಾರೆ. ಸಗಣಿ ಬೂದೀಲಿ ರಂಜಕ ತುಂಬಾ ಇರುತ್ತೆ. ಒಂದು ಚಿಟಿಕೆ ಸಾಕು, ಬಾಟಲಿಯ ಲೆಕ್ಕವೇ ಬದಲಾಗಿಬಿಡುತ್ತೆ.”

ಬಾಟಲಿ ಹಿಡಿದು ನಿಂತಿದ್ದ ಪಾರವ್ವ ಥಟ್ಟನೆ ಸೊಂಟ ಮುಟ್ಟಿ ನೋಡಿಕೊಂಡಳು. ಅವಳ ಸೊಂಟದ ಸಂಚಿಯಲ್ಲಿ ವಿಭೂತಿ ಗಟ್ಟಿ ಇತ್ತು. ವಿಭೂತಿ ಎಂದರೆ ಸುಟ್ಟ ಸಗಣಿಯಲ್ಲದೆ ಇನ್ನೇನು?

ಕೆಲಸಕ್ಕೆ ಸೇರಿದ ಮೊದಲ ಸೋಮವಾರದಿಂದ ಅವಳು ಲಾಳಿಕೆಗೆ ವಿಭೂತಿ ಹಚ್ಚುತ್ತ ಬಂದಿದ್ದಳು. ಸೋಮವಾರ ಈಶ್ವರನ ವಾರ. ಅನ್ನ ಕೊಡುವ ಸಾಮಾನಿಗೆ ಮೂರು ಬೆರಳು ಎಳೆಯದೆ ಮುಟ್ಟುವುದುಂಟೇ? ಹೊರಮೈಗೆ ಹಚ್ಚೋಣವೆಂದರೆ ಅಲ್ಲಿ ಕೆಂಪು ಬಣ್ಣದಲ್ಲಿ ‘ಸರ್ಕಾರಿ ಸ್ವತ್ತು’ ಎಂದು ಬರೆದಿತ್ತು. ಅದರ ಮೇಲೆ ಏನೂ ಬಳಿಯಬಾರದೆಂದು ಉಗ್ರಾಣದವನು ತಾಕೀತು ಮಾಡಿದ್ದ. ಕಾಯಿದೆ ಮುರಿಯುವ ಪೈಕಿಯಲ್ಲ ಪಾರವ್ವ. ಅದಕ್ಕೇ ತೊಳೆದಾದ ಮೇಲೆ ಒಳಗಡೆ ಎಳೆದಳು. ಏಳು ವರ್ಷ, ವಾರ ತಪ್ಪದೆ.

ಮುಂದಿನ ಸೋಮವಾರ ವಿಭೂತಿಯನ್ನು ಹಣೆಗಷ್ಟೇ ಹಚ್ಚಿಕೊಂಡು ಲಾಳಿಕೆಯನ್ನು ಬೋಳಾಗಿಯೇ ಬಿಟ್ಟಳು. ಯಾರಿಗೂ ಹೇಳಲಿಲ್ಲ. ಅವಳ ಕಾಯಂ ಕಡತ ಆಗಷ್ಟೇ ಮೇಜು ಹತ್ತಿತ್ತು, ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಎರಡು ತಿಂಗಳಿಗೆ ರಂಜಕ ಐದನೇ ಒಂದು ಪಾಲಿಗೆ ಇಳಿಯಿತು. ಆನಂದಪ್ಪ ಕೆಂಡಾಮಂಡಲವಾಗಿ ಮಾಳಿಗೆಗೆ ಬಂದ. ಅಂತೂ ಒಬ್ಬ ಪದವೀಧರ ಒಬ್ಬನೇ ಮೆಟ್ಟಿಲು ಹತ್ತಿದ ಹಾಗಾಯಿತು.

“ಏನಮ್ಮ ನೀನು, ಬಾಟಲಿಗೆ ನಲ್ಲಿ ನೀರು ತುಂಬಿಸ್ತಿದ್ದೀಯಾ? ಮೆಟ್ಟಿಲು ಹತ್ತೋಕೆ ಸೋಮಾರಿತನಾನಾ? ಕಾಯಂ ಬೇಕಂತೆ ಕಾಯಂ! ನಾನು ಒಂದು ಸಾಲು ಬರೆದ್ರೆ ನಾಳೆ ಬೆಳಿಗ್ಗೆ ಗೇಟಿನ ಹೊರಗಿರ್ತೀಯ!”

ಕೆಲಸಗಳ್ಳತನದ ಮಾತು ಕಿವಿಗೆ ಬಿದ್ದದ್ದೇ ಪಾರವ್ವನ ಹೆದರಿಕೆ ಹಾರಿಹೋಯಿತು. “ನಲ್ಲಿ ನೀರ? ನನ್ನ ಗಂಡನ ಆಣಿ, ಈಗ ಬರಾಕತ್ತಿದ್ದ ಖರೇ ಮಳಿರಿ. ಮೊದಲ ಏಳು ವರ್ಷದ್ದು ಸುಳ್ಳು!” ಎಂದು ಎಲ್ಲವನ್ನೂ ಒದರಿದಳು.

ಆನಂದಪ್ಪ ನೀರಿನ ತೊಟ್ಟಿಯ ಕಟ್ಟೆ ಮೇಲೆ ಕುಸಿದು ಕುಳಿತ. ಅಯ್ಯೋ ಪಾಪ, ನಾಲ್ಕು ವರ್ಷದ ಆಕಾಶ ಮೂರು ಬೆರಳಿನ ಬೂದಿಯಾಗಿತ್ತು. ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಈಗ ‘ನೀನು’ ಹೋಗಿ ‘ನೀವು’ ಬಂದಿತ್ತು.

“ಪಾರವ್ವ, ಯಾರಿಗಾದ್ರೂ ಹೇಳಿದ್ದೀರಾ?”

“ಇಲ್ರಿ.”

“ಹೇಳ್ಬೇಡಿ. ಮಾರ್ಚಿಗೆ ಪ್ರಬಂಧ ಒಪ್ಪಿಸ್ಬೇಕು. ಅಲ್ಲೀವರ್ಗೂ ಮೊದಲಿನ ಹಂಗೇ ಹಚ್ತಾ ಇರಿ. ನಿಮ್ಮ ಕಡತಕ್ಕೆ ಒಳ್ಳೇ ಮಾತು ನಾನೇ ಬರೆದುಕೊಡ್ತೀನಿ. ಯುಗಾದಿಗೆ ಕಾಯಂ ಆಗ್ತೀರಿ.”

ಸುಳ್ಳು ಹೇಳುವುದೇಕೆ, ಪಾರವ್ವನ ಕೈ ಸಂಚಿಯ ತನಕ ಹೋಯಿತು. ಏಳು ವರ್ಷದಿಂದ ಕಾದಿದ್ದ ಮಾತು ಅದು. ಮೂರು ಬೆರಳಿನ ಕೆಲಸ. ಅವಳಿಗೆ ಆಸೆಯಾಯಿತು, ಆಸೆಯಾದದ್ದಕ್ಕೆ ಅಸಹ್ಯವೂ ಆಯಿತು.

“ಆವಾಗ ಈಶ್ವರನ ಹೆಸರಿಲೆ ಹಚ್ಚಿದ್ದೆ,” ಎಂದಳು ಕೊನೆಗೆ. “ಈಗ ನಿಮ್ಮ ಹೆಸರಿಲೆ ಹಚ್ಚಂದ್ರ ಹೆಂಗ ಹಚ್ಚಲಿ? ನಂದು ತಪ್ಪಾತು, ಅದು ತಿಳಿದ ಆದ ತಪ್ಪಲ್ಲ. ತಿಳಿದ ಮಾಡಾಕ ನನ್ನ ಕೈ ಬರೂದಿಲ್ರಿ.”

ಕೆಳಗಿಳಿದು ಮಳೆ ರಿಜಿಸ್ಟರು ತೆಗೆದು, ತನ್ನ ನಾಲ್ಕನೇ ಇಯತ್ತೆಯ ಅಕ್ಷರದಲ್ಲಿ ಬರೆದಳು: ‘ಎಪ್ಪತ್ತೈದರಿಂದ ಈ ಜೂನ್ ತನಕ ಪ್ರತಿ ಸೋಮವಾರ ಲಾಳಿಕೆಯ ಒಳಗೆ ವಿಭೂತಿ ಹಚ್ಚಿರುತ್ತೇನೆ. ಅದು ನನ್ನ ತಪ್ಪು. ಪಾರವ್ವ.’ ಅದನ್ನು ಕಚೇರಿಯ ಮುಖ್ಯಸ್ಥ ತಾಜುದ್ದೀನ್ ಸಾಹೇಬರ ಮುಂದೆ ಇಟ್ಟಳು.

ಸಾಹೇಬರು ಎರಡು ಸಲ ಓದಿದರು. “ಕೆರೆ ಬಾಟಲಿಗೂ ಹಚ್ಚಿದ್ದೀಯೇನಮ್ಮಾ?”

“ಛೀ! ಆ ಗಬ್ಬು ನೀರಿಗೆ ಯಾರ್ರಿ ವಿಭೂತಿ ಹಚ್ಚತಾರ?”

ಸಾಹೇಬರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ಕೆರೆಯ ಲೆಕ್ಕವಾದರೂ ಉಳಿಯಿತು. ಆನಂದಪ್ಪ ಮೂರು ಅಧ್ಯಾಯ ಹರಿದುಹಾಕಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೋಡಿಗೆ ನಡೆದ. ಕಡಲಿಗೆ ಈ ಊರಿನ ಗೊಬ್ಬರ ಹೋಗುವುದು ಹೆಚ್ಚಾಗಿ ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಎಂದು ಅವನೇ ಬರೆಯಬೇಕಾಯಿತು. ಡಾಕ್ಟರ್ ಆಗುವುದು ಎರಡು ವರ್ಷ ತಡವಾಯಿತು, ಅಷ್ಟೇ.

ಪಾರವ್ವನದು ಅಷ್ಟೇ ಎನ್ನುವಂತಿರಲಿಲ್ಲ. ಸಾಹೇಬರು ಅವಳ ಕಡತದ ಮೇಲೆ, ‘ತನ್ನ ತಪ್ಪನ್ನು ತಾನೇ ಬರೆದು ಒಪ್ಪಿಸಿದ ಪ್ರಾಮಾಣಿಕ ಕೆಲಸಗಾರ್ತಿ, ಕಾಯಂ ಮಾಡಬಹುದು’ ಎಂದು ಬರೆದು ಕಳಿಸಿದರು. ಮೇಲಿನ ಮಹಾನುಭಾವರು ಅದರಲ್ಲಿ ‘ತಪ್ಪು’ ಎಂಬಲ್ಲಿಗೇ ಓದು ನಿಲ್ಲಿಸಿ, ಕಡತವನ್ನು ತಿರಸ್ಕರಿಸಿ ವಾಪಸ್ ಕಳಿಸಿದರು.

ಸುದ್ದಿ ಬಂದದ್ದು ಒಂದು ಸೋಮವಾರ. ಪಾರವ್ವ ಮಾಳಿಗೆಗೆ ಹೋಗಿ ಮಂಡಿಯೂರಿ ಲಾಳಿಕೆ ತೊಳೆಯುತ್ತಿದ್ದಳು. ತೊಳೆಯುತ್ತಲೇ ಅಳು ಬಂತು; ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಆನಂದಪ್ಪ ಹಿಂದೆಯೇ ಹತ್ತಿ ಬಂದ.

“ನನ್ನಿಂದ ಆಯ್ತು ಪಾರವ್ವ. ಅವತ್ತು ನಾನು ಹಂಗೆ ಕೇಳ್ಬಾರ್ದಾಗಿತ್ತು,” ಎಂದು ಅವಳ ಕೈಯಿಂದ ಲಾಳಿಕೆ ತೆಗೆದುಕೊಳ್ಳಲು ಹೋದ.

ಪಾರವ್ವ ಮೊಣಕೈಯಿಂದ ಅವನನ್ನು ತಡೆದು, ಲಾಳಿಕೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನಾಲ್ಕು ಹೆಜ್ಜೆ ದೂರ ಹೋಗಿ ಗೋಡೆ ಕಡೆಗೆ ಮುಖ ಮಾಡಿ ನಿಂತಳು.

“ಇಲ್ಲಿ ನಿಂತು ಅಳತೀನ್ರಿ,” ಎಂದಳು. “ಅಲ್ಲಿ ಅತ್ರ ಅದರಾಗ ಬೀಳತೈತಿ. ಆಮ್ಯಾಲ ಮಳ್ಯಾಗ ಉಪ್ಪು ಜಾಸ್ತಿ ಆಗೇತಿ ಅಂತ ಬರಕೋತೀರಿ.”