ಲೈನಿನ ಕುರ್ಚಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಳಸ ಹೋಬಳಿಗೆ ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿ ಬಂದೆ. ಬಯಲುಸೀಮೆಯವನು, ಮಲೆನಾಡು ಗೊತ್ತಿರಲಿಲ್ಲ, ನಿಯಮ ಮಾತ್ರ ಬಾಯಿಪಾಠವಾಗಿತ್ತು. ವೃದ್ಧಾಪ್ಯ ವೇತನಕ್ಕೆ ಅರ್ಜಿ ಬಂದರೆ ಮನೆಗೇ ಹೋಗಿ, ಅರ್ಜಿದಾರರು ನಿಜಕ್ಕೂ ನಿರ್ಗತಿಕರೇ ಎಂದು ನೋಡಿ ತಹಸೀಲ್ದಾರರಿಗೆ ವರದಿ ಕೊಡಬೇಕು. ಇದಕ್ಕೆ ಸ್ಥಳ ಪರಿಶೀಲನೆ ಎನ್ನುತ್ತೇವೆ. ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು ಎಂಬ ಜಂಬ ಬೇರೆ ಇತ್ತು.

ಸಂಸೆ ಕಡೆಯ ಒಂದು ಎಸ್ಟೇಟಿನ ಲೈನಿನಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಗಿರಿಜಮ್ಮ ಎಂಬ ವೃದ್ಧೆಯ ಅರ್ಜಿ ಬಂದಿತ್ತು. ಹಿಂದೆ ಮುಂದೆ ಯಾರೂ ಇಲ್ಲ, ಕಣ್ಣು ಮಂಜಾಗಿ ಕಾಫಿ ಹಣ್ಣು ಕುಯ್ಯಲು ಆಗುತ್ತಿಲ್ಲ ಎಂದು ಬರೆಸಿದ್ದರು. ಬರುವ ದಿನವನ್ನು ಮೊದಲೇ ಹೇಳಿ ಕಳಿಸಿದ್ದೆ. ಹೋಗಿ ನೋಡಿದರೆ ರೇಷ್ಮೆ ಅಂಚಿನ ಸೀರೆ, ಕಿವಿಯಲ್ಲಿ ಚಿನ್ನದ ಓಲೆ! ನನಗೆ ಕೂರಲು ಕೈಯಿರುವ ಕುರ್ಚಿ, ಹೂವಿನ ಚಿತ್ರದ ಕಪ್ಪಿನಲ್ಲಿ ಗಟ್ಟಿ ಹಾಲಿನ ಕಾಫಿ. ಎರಡನೇ ಸಲವೂ ಹಾಕಿಸಿಕೊಂಡು ಕುಡಿದೆ. ಜೀಪಿನಲ್ಲಿ ಕೂತು ಬರೆದೆ: 'ಅರ್ಜಿದಾರರು ಸ್ಥಿತಿವಂತರು. ಶಿಫಾರಸು ಮಾಡಿಲ್ಲ.'

ಮರುವರ್ಷ ಅದೇ ಲೈನಿನ ಸುಶೀಲ ಎಂಬಾಕೆ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಳು. ಅವಳ ಮನೆಗೆ ಹೋದಾಗಲೂ ಅದೇ ಕುರ್ಚಿ ಹಾಕಿದರು. ಅದರ ಮುರಿದ ಕೈಗೆ ನೀಲಿ ವೈರು ಸುತ್ತಿದ್ದು ನೆನಪಿತ್ತು. ಕಪ್ಪೂ ಅದೇ. ಇವು ಗಿರಿಜಮ್ಮನವಲ್ಲವೇ ಎಂದು ಗದರಿಸಿಯೇ ಕೇಳಿದೆ.

"ಇದು ಲೈನಿನ ಕುರ್ಚಿ ಸಾರ್, ಯಾರ ಮನೆಗೆ ನೆಂಟ್ರು ಬಂದ್ರೂ ಇದೇ," ಎಂದಳು ಸುಶೀಲ. "ಅವತ್ತು ಗಿರಿಜಮ್ಮ ಉಟ್ಟಿದ್ದು ನನ್ನ ಸೀರೆ, ಓಲೆ ಮೇಸ್ತ್ರಿ ಹೆಂಡ್ತೀದು. ನೀವು ಬರ್ತೀರಿ ಅಂತ ನಾವೇ ಹಾಕ್ಸಿದ್ವಿ. ಬರಿ ಕಿವೀಲಿ ನಿಮ್ಮೆದುರು ನಿಲ್ಲೋದು ಹೇಗೆ?"

ಕಪ್ಪನ್ನು ಕೆಳಗಿಟ್ಟು, ಆ ಓಲೆ, ಕುರ್ಚಿ, ಕಾಫಿ ನೋಡಿಯೇ ಗಿರಿಜಮ್ಮನ ಅರ್ಜಿ ತಳ್ಳಿಹಾಕಿದ್ದೆ ಎಂದು ಅವಳಿಗೆ ಹೇಳಿದೆ. ಅವರು ತೋರಿದ ಮರ್ಯಾದೆಯನ್ನು ನಾನು ಆಸ್ತಿ ಎಂದು ಬರೆದಿದ್ದೆ. ಆ ಒಂದು ವರ್ಷ ಗಿರಿಜಮ್ಮ ಗಿಡದ ಬುಡದಲ್ಲಿ ಕೂತು, ತಡಕಾಡಿ, ನೆಲಕ್ಕುದುರಿದ ಹಣ್ಣು ಹೆಕ್ಕಿ ಹೊಟ್ಟೆ ಹೊರೆದಿದ್ದರಂತೆ. ನಾಚಿಕೆಯಿಂದ ಅವರ ಬಾಗಿಲಿಗೆ ಹೋಗಲೂ ಆಗಲಿಲ್ಲ.

ಸುಶೀಲಳ ಕೈಯಲ್ಲೇ ಗಿರಿಜಮ್ಮನ ಹೆಸರಿಗೆ ಹೊಸ ಅರ್ಜಿ ಹಾಕಿಸಿ, ಕಡತ ಹಿಡಿದು ಮೂಡಿಗೆರೆಯ ತಾಲ್ಲೂಕು ಕಚೇರಿಗೆ ಓಡಾಡಿ ಮಂಜೂರು ಮಾಡಿಸಿದೆ. ಆದೇಶ ಕೊಡಲು ಹೋದಾಗ ಗಿರಿಜಮ್ಮ ತೇಪೆ ಹಾಕಿದ ಸೀರೆಯಲ್ಲಿ, ಬರಿ ಕಿವಿಯಲ್ಲಿ ಬಾಗಿಲಿಗೆ ಬಂದರು. ಕುರ್ಚಿ ಇರಲಿಲ್ಲ. ಒಳಗಿನಿಂದ ಕಾಫಿ ಕುದಿಯುವ ವಾಸನೆ ಬರುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ, "ಬೇಜಾರ್ ಮಾಡ್ಕೋಬೇಡಿ ಸಾರ್, ಕಾಫಿ ಕೊಡಲ್ಲ," ಎಂದರು. "ಕೊಟ್ರೆ ಪೆನ್ಶನ್ ಬರಲ್ಲ ಅಂತ ಲೈನಿನವ್ರಿಗೆಲ್ಲ ಗೊತ್ತಾಗಿದೆ."

ಅಂದಿನಿಂದ ಅಕ್ಕಪಕ್ಕದವರನ್ನು ಕೇಳದೆ ನಾನು ಒಂದು ವರದಿಯನ್ನೂ ಬರೆಯಲಿಲ್ಲ. ಕೆಲಸ ನನಗೆ ಕಲಿಸಿದ್ದು ಅಷ್ಟು. ಮನೆಗೆ ಬಂದವರಿಗೆ ಕಾಫಿ ಕೊಡಬಾರದು ಎಂದು ಒಂದಿಡೀ ಲೈನಿಗೆ ನಾನು ಕಲಿಸಿದ್ದನ್ನು ಮಾತ್ರ ಯಾವ ಆದೇಶದಿಂದಲೂ ಹಿಂತೆಗೆದುಕೊಳ್ಳಲಾಗಲಿಲ್ಲ.