ಕೊಳ್ಳುವಾಗ ನಕಲಿ, ಮಾರುವಾಗ ಅಪರೂಪ

ಮಸ್ಕತ್‌ನ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರ್ಕೆಟಿನ ಹಿಂದಿನ ಬೀದಿಯಲ್ಲಿ, ಸೋಫಾ, ಪರದೆ ಹೊಲಿಯುವ ಒಂದು ಅಂಗಡಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಊರು ಉಡುಪಿಯ ಹತ್ತಿರ. ಅಲ್ಲಿ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಮದುಮಗಳಂದಿರಿಗೆ ಗೌನು ಹೊಲಿಯುತ್ತಿದ್ದವಳು, ಇಲ್ಲಿಗೆ ಬಂದು ಸೋಫಾದ ದಪ್ಪ ಬಟ್ಟೆಗೆ ಕೈ ಹೊಂದಿಸಿಕೊಂಡೆ. ನಮ್ಮಲ್ಲಿಗೆ ಬರುವವರು ಕಿಟಕಿಯ ಅಳತೆ ತರುತ್ತಾರೆ, ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ದಿಂಬು ತರುತ್ತಾರೆ. ಕಾರು ತಂದವರು ಒಬ್ಬರೇ. ಆ ಕಾರಿನ ವಿಷಯದಲ್ಲಿ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಎರಡು ವರ್ಷದ ಹಿಂದೆ, ಚಳಿಗಾಲ ಶುರುವಾಗುವ ಹೊತ್ತು. ರಿಕವರಿ ಲಾರಿಯ ಮೇಲೆ ಒಂದು ಉದ್ದನೆಯ ಕಾರು ಬಂದು ಅಂಗಡಿಯ ಎದುರು ನಿಂತಿತು. ಲಾರಿಯ ಹಿಂದೆಯೇ ಸಣ್ಣ ಕಾರೊಂದನ್ನು ತಾವೇ ಓಡಿಸಿಕೊಂಡು ಬಂದವರು ಒಳನಾಡಿನ ಊರು ನಿಜ್ವಾದ ಒಬ್ಬ ಒಮಾನಿ ಹೆಂಗಸು. ವಯಸ್ಸು ಅರವತ್ತೈದರ ಮೇಲೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರಂತೆ. ಆವತ್ತಿನಿಂದ ನಾನು ಅವರನ್ನು ಟೀಚರ್ ಎಂದೇ ಕರೆದೆ.

ನಮ್ಮ ಅಂಗಡಿ ನೋಡಿಕೊಳ್ಳುವವರು ಕಾಪು ಕಡೆಯವರು, ಮನೆಮಾತು ತುಳು. ಅವರು ಕಾರನ್ನು ನೋಡಿದವರೇ ಕೈ ಆಡಿಸಿದರು. "ಕಾರಿನ ಕೆಲಸ ನಾವು ಮಾಡುವುದಿಲ್ಲ ಮೇಡಂ."

ಟೀಚರ್ ಅವರತ್ತ ನೋಡಲೇ ಇಲ್ಲ. ಮಿಷನಿನ ಮುಂದೆ ಕೂತಿದ್ದ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು. "ನನ್ನ ತಂಗಿಯ ಮನೆಯ ಪರದೆ ಹೊಲಿದದ್ದು ನೀನಾ? ಆ ಹೊಲಿಗೆ ನಾನು ನೋಡಿದ್ದೇನೆ. ಈ ಕಾರಿನ ಬಟ್ಟೆಯ ಮಾಡನ್ನೂ ಹೊಲಿದುಕೊಡು."

ನಾನು ಎದ್ದು ಹೋಗಿ ನೋಡಿದೆ. ಅಮೆರಿಕದ ಹಳೆಯ ಕಾರು, ಕಡು ಹಸಿರು ಬಣ್ಣ. ಬಾಗಿಲು ಎರಡೇ, ಒಂದೊಂದೂ ಕಪಾಟಿನ ಬಾಗಿಲಿನಷ್ಟು ಭಾರ. ಮೇಲ್ಗಡೆ ತಗಡಿನ ಚಾವಣಿಯ ಬದಲು ಮಡಚುವ ಬಟ್ಟೆಯ ಮಾಡು. ಬಟ್ಟೆ ಬಿಸಿಲಿಗೆ ಸುಟ್ಟು ಹಪ್ಪಳದ ಹಾಗಾಗಿತ್ತು, ಮುಟ್ಟಿದಲ್ಲಿ ಪುಡಿಯಾಗುತ್ತಿತ್ತು. ಬಾಗಿಲು ತೆರೆದರೆ ಹೊಸ್ತಿಲಿನಲ್ಲಿ ಒಂದು ಸಣ್ಣ ಲೋಹದ ತಗಡು. ಅದರ ಮೇಲೆ ಕಾರಿನ ಕಂಪನಿಯ ಹೆಸರಿರಲಿಲ್ಲ, ಯಾವುದೋ ವರ್ಕ್‌ಶಾಪಿನ ಹೆಸರು ಮತ್ತು ಒಂದು ಸಂಖ್ಯೆ ಇತ್ತು.

ಅದರ ಕಥೆಯನ್ನು ಟೀಚರೇ ಹೇಳಿದರು. ಅವರ ಗಂಡ ಎಂಬತ್ತರ ದಶಕದ ಶುರುವಿನಲ್ಲಿ ಅಮೆರಿಕಕ್ಕೆ ಓದಲು ಹೋಗಿದ್ದರು. ಆ ಕಾಲದಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ಮಾಡು ತೆರೆಯುವ ಕಾರುಗಳನ್ನು ಮಾಡುವುದನ್ನೇ ಬಿಟ್ಟಿದ್ದವಂತೆ. ಬೇಕೆನ್ನುವವರಿಗಾಗಿ ಕೆಲವು ಹೊರಗಿನ ವರ್ಕ್‌ಶಾಪುಗಳು ಹೊಸ ಕಾರು ಕೊಂಡು, ತಗಡಿನ ಮಾಡು ಕತ್ತರಿಸಿ ತೆಗೆದು, ಕೆಳಗೆ ಉಕ್ಕು ಕೂಡಿಸಿ ಗಟ್ಟಿಮಾಡಿ, ಬಟ್ಟೆಯ ಮಾಡು ಕೂರಿಸಿ ಕೊಡುತ್ತಿದ್ದವು. ಒಂದೊಂದು ಬಗೆಯದ್ದೂ ಸ್ವಲ್ಪವೇ. ಅಂಥದ್ದೊಂದನ್ನು ಇವರ ಗಂಡ ಹಡಗಿನಲ್ಲಿ ಮಸ್ಕತ್‌ಗೆ ತಂದರು. ನಿಜ್ವಾದ ಖರ್ಜೂರದ ತೋಟಗಳ ನಡುವೆ ಟೀಚರಿಗೆ ಕಾರು ಓಡಿಸಲು ಕಲಿಸಿದ್ದೂ ಇದರಲ್ಲೇ.

"ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಕಾರು ಶೆಡ್ಡಿನಲ್ಲಿ ಸಾಯುತ್ತಾ ಇದೆ. ನನಗೆ ಮಾರುವುದಕ್ಕಲ್ಲ, ಓಡಿಸುವುದಕ್ಕೆ ಬೇಕು" ಎಂದರು.

ನಮ್ಮ ಅಣ್ಣನವರು, ಅಂದರೆ ಅಂಗಡಿ ನೋಡಿಕೊಳ್ಳುವವರು, ತಲೆ ಕೆರೆದುಕೊಂಡು ನನ್ನ ಹತ್ತಿರ ಮೆಲ್ಲಗೆ ಕೇಳಿದರು. "ಎಂತ ಬಾಯಮ್ಮ, ಆಗ್ತದಾ ನಿಮ್ಮಿಂದ? ಕಡೆಗೆ ನನ್ನ ಮರ್ಯಾದೆ ತೆಗಿಬೇಡಿ ಮಾರಾಯ್ರೆ." ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ಇಲ್ಲಿಯೂ ನನ್ನನ್ನು ಬಾಯಮ್ಮ ಎಂದೇ ಕರೆಯುತ್ತಾರೆ.

"ನೋಡುವ ಅಣ್ಣ" ಎಂದೆ. ಆಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಹಳೆಯ ಬಟ್ಟೆಯನ್ನು ಹರಿಯದ ಹಾಗೆ ಬಿಚ್ಚುವುದಕ್ಕೇ ಮೂರು ದಿನ ಬೇಕಾಯಿತು. ಅದೇ ನನ್ನ ಪುಸ್ತಕ. ಯಾವ ತುಂಡಿನ ಮೇಲೆ ಯಾವುದು, ಎಲ್ಲಿ ಮಡಿಕೆ, ಎಲ್ಲಿ ಎರಡು ಸಾಲು ಹೊಲಿಗೆ, ಎಲ್ಲವನ್ನೂ ಕಂದು ಕಾಗದದ ಮೇಲೆ ಗುರುತು ಹಾಕಿಕೊಂಡೆ. ಒಳಗಿನ ಪಟ್ಟಿಯಲ್ಲಿ ಮೊದಲು ಹೊಲಿದವರ ಪೆನ್ಸಿಲ್ ಗುರುತು ಅಳಿಯದೆ ಉಳಿದಿತ್ತು. ಎಡ, ಬಲ, ಒಂದು ಬಾಣ, ಒಂದು ಕಡೆ ಬರೆದು ಹೊಡೆದುಹಾಕಿದ ಅಂಕಿ. ಅವರೂ ತಪ್ಪಿ, ತಿದ್ದಿಕೊಂಡು ಹೊಲಿದಿದ್ದರು. ಪಟ್ಟಿಗಳ ತುದಿ ಎಲ್ಲಿ ಸೇರುತ್ತದೆ ಎಂದು ಹುಡುಕಲು ಹಿಂದಿನ ಸೀಟು ತೆಗೆದು ನೆಲದ ಕಾರ್ಪೆಟ್ ಎತ್ತಿದೆ. ಕೆಳಗೆ ಎರಡೂ ಬದಿಗೆ ಅಂಗೈಯಗಲದ ಉಕ್ಕು, ಮಧ್ಯೆ ಅಡ್ಡಕ್ಕೆ ಇನ್ನೊಂದು. ಬೆಸುಗೆ ನಯವಾಗಿತ್ತು, ಎಲ್ಲೂ ತುಕ್ಕು ಇರಲಿಲ್ಲ. ಟೀಚರ್ ಹೇಳಿದಂತೆ ಅದರ ಎಂಜಿನ್ ಸರಿಮಾಡುತ್ತಿದ್ದ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಬಂದು ಬಡಿದು ನೋಡಿ, "ಬಹುತ್ ಪಕ್ಕಾ ಕಾಮ್ ಹೈ", ಬಹಳ ಗಟ್ಟಿ ಕೆಲಸ, ಎಂದು ಹೇಳಿ ಹೋದ.

ನನ್ನ ಮೊದಲ ಮಾಡು ಎರಡು ಬೆರಳು ಗಿಡ್ಡವಾಯಿತು. ಮುಂದಿನ ಕೊಂಡಿಗೆ ಎಟುಕಲೇ ಇಲ್ಲ. ಅಷ್ಟೂ ಬಟ್ಟೆ ಹಾಳು. ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕೂತೆ. ಅಣ್ಣನವರೇ ಹೊಸ ಬಟ್ಟೆಗೆ ಫೋನ್ ಮಾಡಿದರು. ದೋಣಿಯ ಹೊದಿಕೆ ಹೊಲಿಯುವವರಿಂದ ದಪ್ಪ ಬಟ್ಟೆಯ ಮಿಷನನ್ನೂ ಒಂದು ವಾರಕ್ಕೆ ಎರವಲು ತಂದುಕೊಟ್ಟರು. ಆ ಉಪಕಾರವನ್ನು ನಾನು ಮರೆತಿಲ್ಲ. ಮುಂದೆ ಅವರ ಮೇಲೂ ಸಿಟ್ಟು ಬಂತಲ್ಲ, ಅದಕ್ಕೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡನೆಯ ಮಾಡು ಕೂತಿತು. ಟೀಚರ್ ನೋಡಲು ಬಂದ ದಿನ ಅವರ ಮೈದುನ ಕೂಡ ಜೊತೆಗಿದ್ದರು. ಕಾರು ಮಾರಿಬಿಡುವುದೇ ಒಳ್ಳೆಯದೆನ್ನುವ ಅವರು ಹಳೆಯ ಕಾರುಗಳ ವ್ಯಾಪಾರಿ ಒಬ್ಬನನ್ನು ಕರೆತಂದಿದ್ದರು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಎರಡು ಫೋನು. ಕಾರಿನ ಸುತ್ತ ಒಂದು ಸುತ್ತು ಬಂದು, ಚಕ್ರಕ್ಕೆ ಕಾಲಿನಿಂದ ಒದ್ದು, ನಾಲ್ಕಾರು ಫೋಟೋ ತೆಗೆದ. ಆಮೇಲೆ ಹೊಸ್ತಿಲಿನ ತಗಡಿಗೆ ಬೆರಳು ತೋರಿಸಿ ನಕ್ಕ.

"ಮದಾಮ್, ನಿಮಗೆ ಬೇಜಾರು ಮಾಡಲು ಹೇಳುತ್ತಿಲ್ಲ. ಇದು ನಕಲಿ. ಆ ವರ್ಷ ಕಂಪನಿ ಇಂಥ ಕಾರು ಮಾಡಲೇ ಇಲ್ಲ. ಯಾರೋ ಗ್ಯಾರೇಜಿನವರು ಮಾಡು ಕೊಯ್ದು ನಿಮ್ಮ ಗಂಡನಿಗೆ ಟೋಪಿ ಹಾಕಿದ್ದಾರೆ. ಕೊಯ್ದ ಕಾರಿಗೆ ಬಲವಿಲ್ಲ, ಹೈವೇಯಲ್ಲಿ ನಡುವೆ ಬಾಗುತ್ತದೆ. ನಿಮ್ಮ ಮನೆಯವರ ಮುಖ ನೋಡಿ ನಾನು ತೆಗೆದುಕೊಳ್ಳುತ್ತೇನೆ. ಬೇರೆ ಯಾರೂ ಮುಟ್ಟುವುದಿಲ್ಲ."

ಮೈದುನ ತಲೆಯಾಡಿಸಿದರು. ಟೀಚರ್ ಕಾರಿನ ಬಾಗಿಲ ಮೇಲೆ ಇಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಸತ್ತುಹೋದ ಗಂಡ ಮೋಸಹೋದವನು ಎಂದು ಹೊರಗಿನವನ ಬಾಯಿಂದ, ಅದೂ ಒಂದು ಪರದೆ ಅಂಗಡಿಯ ಎದುರು ನಿಂತು ಕೇಳುವುದೆಂದರೆ ಹೇಗಾಗಿರಬೇಡ! ಭಾನುವಾರ ಕಾಗದಪತ್ರ ತಂದು ಕಾರು ಮಾರಿಬಿಡುತ್ತೇನೆ ಎಂದು ಅವರು ಮೆಲ್ಲಗೆ ಒಪ್ಪಿಕೊಂಡರು.

ಕಾರ್ಪೆಟ್ಟಿನ ಕೆಳಗಿನ ಉಕ್ಕನ್ನು ಕಣ್ಣಾರೆ ಕಂಡಿದ್ದ ನಾನು ಬಾಯಿ ಬಿಡಲಿಲ್ಲ. ಕಾರಿನ ವ್ಯಾಪಾರಿಯ ಎದುರು ಪರದೆ ಹೊಲಿಯುವವಳು ಏನು ಹೇಳುವುದು ಎಂದು ಸುಮ್ಮನೆ ಸೀಮೆಸುಣ್ಣ ಹಿಡಿದು ನಿಂತಿದ್ದೆ. ಅದಕ್ಕಾಗಿ ಮೊದಲ ಸಿಟ್ಟು ನನ್ನ ಮೇಲೆಯೇ.

ಮರುದಿನ ಗುರುವಾರ ಸಂಜೆ ನಮ್ಮವರು, ಅಂದರೆ ನನ್ನ ಗಂಡ, ಆಫೀಸಿನಿಂದ ಬಂದು ಚಹಾ ಕುಡಿಯುತ್ತಾ ಫೋನು ನನ್ನ ಮುಂದೆ ಹಿಡಿದರು. ಅವರ ಆಫೀಸಿನಲ್ಲಿ ಹಳೆ ಕಾರಿನ ಹುಚ್ಚು ಇರುವ ಒಬ್ಬರು ಕಳಿಸಿದ ಮಾರಾಟದ ಜಾಹೀರಾತಂತೆ. "ನೋಡು, ಇದು ನಿಮ್ಮ ಅಂಗಡಿ ಅಲ್ಲವಾ?" ಎಂದು ಕೊಂಕಣಿಯಲ್ಲಿ ಕೇಳಿದರು.

ನಮ್ಮದೇ ಅಂಗಡಿ. ಅದೇ ಹಸಿರು ಕಾರು, ಸೀಟಿನ ಮೇಲೆ ನನ್ನ ಅಳತೆಯ ಟೇಪು ಕೂಡ ಬಿದ್ದಿತ್ತು. ಕೆಳಗೆ ಆ ವ್ಯಾಪಾರಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರು ಗಟ್ಟಿಯಾಗಿ ಓದಿದರು. ಕೈಯಿಂದ ಕಟ್ಟಿದ ವಿಶೇಷ ಆವೃತ್ತಿ, ಜಗತ್ತಿನಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು, ಉಕ್ಕು ಕೂಡಿಸಿ ಬಲಪಡಿಸಿದ ಚೌಕಟ್ಟು, ಅಂದಿನ ಮೂಲ ಮಾಡು, ತಯಾರಕರ ಸಂಖ್ಯೆಯ ತಗಡು ಸಹಿತ. ಆ ತಗಡಿನದ್ದೇ ಒಂದು ದೊಡ್ಡ ಫೋಟೋ.

ಅದೇ ತಗಡು! ಬುಧವಾರ ಅದನ್ನು ತೋರಿಸಿ ನಕಲಿ ಎಂದ. ಗುರುವಾರ ಅದನ್ನೇ ತೋರಿಸಿ ಅಪರೂಪ ಎಂದ. ಅವನು ಲಾಭ ಮಾಡಿಕೊಳ್ಳಲಿ, ವ್ಯಾಪಾರಿ ಅದಕ್ಕೇ ಇರುವುದು. ಆದರೆ ಲಾಭಕ್ಕೋಸ್ಕರ ಒಬ್ಬ ಸತ್ತ ಮನುಷ್ಯನನ್ನು ಪೆದ್ದನನ್ನಾಗಿ ಮಾಡಬೇಕಿತ್ತೆ? ಆ ಹೆಂಗಸು ನಲವತ್ತು ವರ್ಷ ನಂಬಿಕೊಂಡು ಬಂದದ್ದನ್ನು ಎರಡು ನಿಮಿಷದಲ್ಲಿ ಕಸ ಮಾಡಬೇಕಿತ್ತೆ? ಮೇಲಿಂದ ನಾನು ಎರಡು ಸಲ ಹೊಲಿದ ಮಾಡು ಅವನ ಬಾಯಲ್ಲಿ ಅಂದಿನ ಮೂಲ ಮಾಡು!

"ನಾಳೆ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ನಿಜ್ವಾಕ್ಕೆ ಹೋಗುವ" ಎಂದೆ.

"ನಿನಗೆ ಯಾಕೆ ಇಲ್ಲದ ಉಸಾಬರಿ? ಅವರ ಮನೆಯ ವಿಷಯ. ನಾಳೆ ಅವನು ನಿಮ್ಮ ಕಫೀಲ್ ಹತ್ತಿರ ಹೋದರೆ ನಿನ್ನ ವೀಸಾದ ಗತಿ ಏನು?" ಕಫೀಲ್ ಎಂದರೆ ನಮಗೆ ವೀಸಾ ಕೊಟ್ಟಿರುವ, ಅಂಗಡಿಯ ಒಮಾನಿ ಮಾಲೀಕರು.

"ನಾನು ಕಣ್ಣಲ್ಲಿ ಕಂಡದ್ದನ್ನು ಹೇಳಲಿಕ್ಕೆ ಹೋಗುವುದು. ಕಳ್ಳತನಕ್ಕೆ ಹೋಗುವುದಲ್ಲ. ನೀವು ಬಾರದಿದ್ದರೆ ನಾನು ಬಸ್ಸಿನಲ್ಲಿ ಹೋಗುತ್ತೇನೆ."

ಅವರು ಗೊಣಗಿದರು. ಆದರೆ ಶುಕ್ರವಾರ ಇಗರ್ಜಿಯಿಂದ ಹೊರಟವರು ಮನೆಯ ಕಡೆ ತಿರುಗಿಸದೆ ನೇರ ನಿಜ್ವಾದ ದಾರಿ ಹಿಡಿದರು.

ಟೀಚರ್ ನಮಗೆ ಕಾವಾ ಎಂಬ ಅರಬ್ಬಿ ಕಾಫಿ, ಖರ್ಜೂರ ಕೊಟ್ಟು, ಕನ್ನಡಕ ಹಾಕಿಕೊಂಡು ಆ ಜಾಹೀರಾತನ್ನು ಎರಡು ಸಲ ಓದಿದರು. ಪರೀಕ್ಷೆಯ ಉತ್ತರಪತ್ರಿಕೆ ಓದುವ ಹಾಗೆ, ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು. ನಾನು ಉಕ್ಕಿನ ವಿಷಯ ಹೇಳಿದೆ. ಆವತ್ತು ಸುಮ್ಮನಿದ್ದದ್ದು ತಪ್ಪಾಯಿತು ಎಂದೂ ಹೇಳಿದೆ.

"ನನ್ನ ಗಂಡನಿಗೆ ಎಲ್ಲವೂ ಗೊತ್ತಿತ್ತು ಸಿಸ್ಟರ್" ಎಂದರು ಅವರು. "ಯಾರು ಮಾಡಿದ್ದು, ಹೇಗೆ ಮಾಡಿದ್ದು, ಎಲ್ಲ ನನಗೂ ಹೇಳಿದ್ದರು. ಆದರೂ ಆ ಮನುಷ್ಯ ಹೇಳಿದಾಗ ನಾನು ಒಂದು ಕ್ಷಣ ಗಂಡನನ್ನು ಬಿಟ್ಟು ಅವನನ್ನು ನಂಬಿದೆ." ಆಮೇಲೆ ಫೋನು ತಿರುಗಿಸಿ ಮೇಜಿನ ಮೇಲಿಟ್ಟು, "ಖಲಾಸ್, ಮಾರುವ ಮಾತು ಮುಗಿಯಿತು" ಎಂದರು.

ಭಾನುವಾರ ಬೆಳಿಗ್ಗೆ ಎಲ್ಲರೂ ಅಂಗಡಿಯ ಎದುರು ಸೇರಿದರು. ವ್ಯಾಪಾರಿ ನಗುತ್ತಾ ಬಂದು ಪೆನ್ನು ತೆಗೆದ. ಟೀಚರ್ ಅವನ ಮುಂದೆ ಫೋನು ಹಿಡಿದು ಓದು ಎಂದರು. ಅವನ ನಗು ಸ್ವಲ್ಪ ಸಣ್ಣದಾಯಿತು, ನಿಲ್ಲಲಿಲ್ಲ.

"ಮದಾಮ್, ಕೊಳ್ಳುವ ಮಾತು ಬೇರೆ, ಮಾರುವ ಮಾತು ಬೇರೆ. ಎಲ್ಲ ಕಡೆಯೂ ಹೀಗೇ. ಇದನ್ನು ನಿಮ್ಮ ತಲೆಗೆ ತುಂಬಿದ್ದು ಯಾರು?" ಎಂದವನು ನನ್ನ ಕಡೆ ತಿರುಗಿ ಹಿಂದಿಯಲ್ಲಿ, "ನೀನಾ? ಪರದೆ ಹೊಲಿಯುವವಳಿಗೆ ಕಾರಿನ ವಿಷಯ ಏನು ಗೊತ್ತು?" ಎಂದ.

ಈ ಸಲ ನಾನು ಸುಮ್ಮನಿರಲಿಲ್ಲ. ಕಾರಿನ ಬಾಗಿಲು ತೆರೆದು, ಹಿಂದಿನ ಸೀಟು ಎತ್ತಿ, ಕಾರ್ಪೆಟ್ ಮಡಚಿ ಹಿಡಿದೆ. "ಬಲವಿಲ್ಲ ಎಂದಿರಲ್ಲ, ಬನ್ನಿ, ಬಗ್ಗಿ ನೋಡಿ. ಆವತ್ತು ನೀವು ಇದನ್ನು ಎತ್ತಿ ನೋಡಿದ್ದೀರಾ? ಚಕ್ರಕ್ಕೆ ಒದ್ದು ಹೋದಿರಿ. ಉಕ್ಕು ಇದೆ ಎಂದು ಜಾಹೀರಾತಿನಲ್ಲಿ ಬರೆದದ್ದು ಯಾವ ಧೈರ್ಯದ ಮೇಲೆ? ಇದ್ದರೆ ನಡುವೆ ಬಾಗುತ್ತದೆ ಎಂದದ್ದು ಯಾವ ಬಾಯಿಂದ? ಈ ಮಾಡು ಹೊಲಿದವಳು ನಾನು. ಹೋದ ವಾರ ಹೊಲಿದದ್ದು. ಮೂಲ ಮಾಡು ಬೇಕಿದ್ದರೆ ಒಳಗೆ ಚೀಲದಲ್ಲಿದೆ, ತೆಗೆದುಕೊಂಡು ಹೋಗಿ."

ನನ್ನ ಹಿಂದಿ ಅಷ್ಟು ಚೆನ್ನಾಗಿಲ್ಲ, ಸಿಟ್ಟಿನಲ್ಲಿ ಕನ್ನಡವೂ ಸೇರಿತ್ತು. ಅವನಿಗೆ ಅರ್ಥವಾಯಿತು. ಬಗ್ಗಿ ನೋಡಿದ್ದು ಅವನಲ್ಲ, ಟೀಚರ ಮೈದುನ. ಅವರು ಮಂಡಿಯೂರಿ ಆ ಉಕ್ಕನ್ನು ಕೈಯಿಂದ ಸವರಿ, ಎದ್ದು, ಯಾರ ಮುಖವನ್ನೂ ನೋಡದೆ ತಮ್ಮ ಕಾರಿನಲ್ಲಿ ಕೂತು ಹೊರಟುಹೋದರು. ವ್ಯಾಪಾರಿ ಪೆನ್ನನ್ನು ಜೇಬಿಗೆ ಹಾಕಿಕೊಂಡ. ಒಂದು ಕ್ಷಮೆಯ ಮಾತು ಅವನ ಬಾಯಿಂದ ಬರಲಿಲ್ಲ.

ಟೀಚರ್ ಅವತ್ತೇ ಕಾರನ್ನು ತಾವೇ ಓಡಿಸಿಕೊಂಡು ನಿಜ್ವಾಕ್ಕೆ ಹೋದರು. ಮಾಡು ತೆರೆದೇ ಇತ್ತು.

ಎಲ್ಲ ಸುಖವಾಗಿ ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮವರು ಹೆದರಿದ ಹಾಗೆಯೇ ವ್ಯಾಪಾರಿ ನಮ್ಮ ಕಫೀಲ್ ಹತ್ತಿರ ಹೋಗಿ, ಅಂಗಡಿಯ ಕೆಲಸದವಳು ಗಿರಾಕಿಗಳ ಎದುರು ಅವಮಾನ ಮಾಡಿದಳು ಎಂದ. ಕಫೀಲ್ ನನ್ನನ್ನು ಕರೆಸಲಿಲ್ಲ, ಅಣ್ಣನವರಿಗೆ ಫೋನ್ ಮಾಡಿದರು.

"ಬಾಯಮ್ಮ, ಆ ವ್ಯಾಪಾರಿಗೆ 'ಸಾರಿ' ಹೇಳಿಬಿಡಿ ಅಂತೆ. ಎರಡು ಅಕ್ಷರ ಅಲ್ವಾ, ಅದರಲ್ಲಿ ಎಂತ ಹೋಗ್ತದೆ?" ಎಂದರು ಅಣ್ಣನವರು.

"ಎಂತಕ್ಕೆ ಅಣ್ಣ? ಸುಳ್ಳು ಹೇಳಿದ್ದು ಅವನು."

"ಅದು ನನಗೂ ಗೊತ್ತುಂಟು ಮಾರಾಯ್ರೆ. ಆದರೆ ನಾವು ಇಲ್ಲಿ ದುಡಿಲಿಕ್ಕೆ ಬಂದವರು, ನ್ಯಾಯ ಹೇಳ್ಲಿಕ್ಕೆ ಅಲ್ಲ."

ಅವರ ಮೇಲೆ ನನಗೆ ಸಿಟ್ಟು ಬಂದದ್ದು ಆವಾಗ. ದುಡಿಯಲು ಬಂದವರು ಕಣ್ಣನ್ನು ಊರಿನಲ್ಲಿ ಬಿಟ್ಟು ಬರಬೇಕೇ? ನಾನು ಸಾರಿ ಹೇಳಲಿಲ್ಲ. ವೀಸಾ ಹೋಗಲಿಲ್ಲ. ಆದರೆ ಇನ್ನು ಮುಂದೆ ಕಾರಿನ ಕೆಲಸ ಮುಟ್ಟಬಾರದು ಎಂಬ ಆಜ್ಞೆ ಬಂತು. ಎರವಲು ತಂದಿದ್ದ ದಪ್ಪ ಬಟ್ಟೆಯ ಮಿಷನು ವಾಪಸು ಹೋಯಿತು. ಆಮೇಲೆ ಅಂಥದ್ದೇ ಮಾಡು ಹೊಲಿಸಲು ಇಬ್ಬರು ಹುಡುಕಿಕೊಂಡು ಬಂದರು. ಅಣ್ಣನವರು ನನ್ನ ಕಡೆ ನೋಡದೆ ಅವರನ್ನು ವಾಪಸು ಕಳಿಸಿದರು. ಕೈಗೆ ಬಂದ ಒಂದು ವಿದ್ಯೆಯನ್ನು ಹೀಗೆ ನನ್ನಿಂದ ಕಿತ್ತುಕೊಂಡರು. ಆ ವ್ಯಾಪಾರಿಯೋ, ಈಗಲೂ ಎರಡು ಫೋನು ಹಿಡಿದುಕೊಂಡು ವ್ಯಾಪಾರ ಮಾಡುತ್ತಲೇ ಇದ್ದಾನೆ.

ಹೋದ ವರ್ಷ ಮಾರ್ಚ್‌ನಲ್ಲಿ ನಿಜ್ವಾ ಕಡೆ ಜೋರು ಮಳೆ ಬಂದು ವಾದಿಗಳು, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಹಳ್ಳಗಳು, ತುಂಬಿ ಹರಿದವು. ಮಾರನೆಯ ದಿನ ಟೀಚರ್ ಫೋನ್ ಮಾಡಿದರು. "ಸಿಸ್ಟರ್, ನಿನ್ನ ಮಾಡು ಹಿಂದಿನ ಗಾಜಿನ ಹತ್ತಿರ ಸೋರುತ್ತಿದೆ. ನನ್ನ ತಂಗಿಯ ಅಬಾಯಾ ಒದ್ದೆಯಾಯಿತು."

ನನಗೆ ನಾಚಿಕೆಯಾಯಿತು. ಎಲ್ಲಿ ತಪ್ಪಿದೆ ಎಂದು ಕೂಡಲೇ ಹೊಳೆಯಿತು. ಗಾಜಿನ ಮೂಲೆಯಲ್ಲಿ ಒಂದೇ ಸಾಲು ಹೊಲಿದು ಬಿಟ್ಟಿದ್ದೆ, ಅವಸರದಲ್ಲಿ. ಶುಕ್ರವಾರ ದಪ್ಪ ಸೂಜಿ, ಮೇಣದ ದಾರ ಚೀಲದಲ್ಲಿ ಹಾಕಿಕೊಂಡು ಹೊರಟೆ. ಅಂಗಡಿಯಲ್ಲಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಟೀಚರ ಮನೆಯ ಶೆಡ್ಡಿನಲ್ಲಿ ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಎರಡನೆಯ ಸಾಲನ್ನು ಕೈಯಲ್ಲೇ ಹೊಲಿದೆ. ಟೀಚರ್ ಹೊರಗೆ ನಿಂತು ಪೈಪಿನಿಂದ ನೀರು ಬಿಟ್ಟು ಪರೀಕ್ಷೆ ಮಾಡಿದರು. ಮೊದಲ ಸಲ ಎರಡು ಹನಿ ಒಳಗೆ ಬಿತ್ತು. ಬಿಚ್ಚಿ ಮತ್ತೆ ಹೊಲಿದೆ. ಆಮೇಲೆ ಬೀಳಲಿಲ್ಲ.